ಮನೆಯ ರೂಟರಿಗೂ ಒಂದು ಚೆಕ್‌ರೋಲು

ನಮ್ಮ ಭಾಗದ ಬೆಳೆಗಾರರ ಮನೆಗಳಿಗೆ ಫೈಬರ್ ಸಂಪರ್ಕ ಬಂದುದರಿಂದ ಅನೇಕ ಅನುಕೂಲಗಳಾಗಿವೆ. ಅಡಿಕೆ ಧಾರಣೆ, ಕಾಫಿ ಪೇಟೆಯ ಸಮಾಚಾರ, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಎಲ್ಲವೂ ಈಗ ಆ ಒಂದು ಎಳೆಯ ಮೂಲಕವೇ ಮನೆಯೊಳಗೆ ಬರುತ್ತಿವೆ. ಮೊದಲು ಎರಡು ಫೋನುಗಳಿಗೆಂದು ತೆಗೆದುಕೊಂಡ ಸಂಪರ್ಕಕ್ಕೆ ಅನಂತರ ಟಿ.ವಿ. ಸೇರುತ್ತದೆ, ಕಣಕ್ಕೆ ಹಾಕಿದ ಕ್ಯಾಮೆರಾ ಸೇರುತ್ತದೆ, ಮಗನ ಲ್ಯಾಪ್‌ಟಾಪು, ಮಾಡಿನ ಮೇಲಿನ ಸೌರ ಫಲಕದ ಇನ್ವರ್ಟರು, ರಜೆಗೆ ಬಂದ ನೆಂಟರ ಫೋನುಗಳು, ಹೋಂಸ್ಟೇ ಇದ್ದಲ್ಲಿ ಅತಿಥಿಗಳ ಫೋನುಗಳು ಸೇರುತ್ತವೆ. ನಿಮ್ಮ ರೂಟರಿಗೆ ಎಷ್ಟು ಸಾಧನಗಳು ಸೇರಿವೆ ಎಂದು ಕೇಳಿದರೆ ಮನೆಯ ಯಜಮಾನರು ಐದೋ ಆರೋ ಎನ್ನುತ್ತಾರೆ. ಪಟ್ಟಿ ತೆರೆದು ನೋಡಿದರೆ ಹದಿನೈದು ಇರುತ್ತವೆ. ಅವುಗಳಲ್ಲಿ ಅರ್ಧದಷ್ಟು ಯಾವುವೆಂದು ಯಾರಿಗೂ ತಿಳಿದಿರುವುದಿಲ್ಲ.

ಗೋದಾಮಿನಲ್ಲಿ ಒಂದು ಚೀಲ ಅಡಿಕೆ ಇಳಿದರೆ ಸದಸ್ಯರ ಸಂಖ್ಯೆಯೂ, ಸರಕೋ ಬೆಟ್ಟೆಯೋ ರಾಶಿಯೋ ಗೊರಬಲೋ ಎಂಬ ಗುರುತೂ ಬೀಳದೆ ಅದನ್ನು ಅಟ್ಟಿಗೆ ಏರಿಸುವುದಿಲ್ಲ. ಗುರುತಿಲ್ಲದ ಚೀಲ ಒಂದೇ ಇದ್ದರೂ ಇಡೀ ಅಟ್ಟಿಯ ಲೆಕ್ಕ ಅನುಮಾನಕ್ಕೆ ಒಳಗಾಗುತ್ತದೆ. ರೂಟರಿನ ಪಟ್ಟಿಯೂ ಹಾಗೆಯೇ. ನಮ್ಮವು ಯಾವುವೆಂದು ಹೆಸರು ಹಾಕಿ ಇಟ್ಟುಕೊಂಡರೆ ಮಾತ್ರ ನಮ್ಮದಲ್ಲದ್ದು ಕಣ್ಣಿಗೆ ಬೀಳುತ್ತದೆ. ಇದಕ್ಕೆ ಎಂಜಿನಿಯರನ್ನು ಕರೆಸಬೇಕಾದ ಅವಶ್ಯಕತೆಯಿಲ್ಲ. ಒಂದು ಸಂಜೆಯ ಬಿಡುವು, ಒಂದು ನೋಟ್‌ಬುಕ್ಕು, ಮನೆಯವರೆಲ್ಲರ ಸಹಕಾರ ಸಾಕು.

ಎರಡು ಸಂಖ್ಯೆಗಳು

ರೂಟರು ಪ್ರತಿಯೊಂದು ಸಾಧನವನ್ನೂ ಎರಡು ಸಂಖ್ಯೆಗಳಿಂದ ತಿಳಿಯುತ್ತದೆ. ಈ ಎರಡನ್ನೂ ಬೇರ್ಪಡಿಸಿ ಅರಿತುಕೊಳ್ಳುವುದು ಮೊದಲ ಪಾಠ.

ಒಂದನೆಯದು ಐ.ಪಿ. ವಿಳಾಸ. 192.168.1.5 ಎಂಬಂತೆ ಇರುತ್ತದೆ. 192.168 ಎಂದು ಆರಂಭವಾಗುವ ವಿಳಾಸಗಳು ಖಾಸಗಿ ಜಾಲಗಳ ಒಳ ಉಪಯೋಗಕ್ಕೆ ಮೀಸಲು ಎಂದು 1996ರ ಒಂದು ನಿಯಮಪತ್ರದಲ್ಲಿ ನಿಗದಿಯಾಗಿದೆ. ಆದುದರಿಂದ ನಿಮ್ಮ ಮನೆಯಲ್ಲೂ ಪಕ್ಕದ ತೋಟದವರ ಮನೆಯಲ್ಲೂ 192.168.1.5 ಇರಬಹುದು. ಪ್ರತಿ ಎಸ್ಟೇಟಿನ ಲೈನಿನಲ್ಲೂ 5ನೇ ನಂಬರಿನ ಮನೆ ಒಂದಿರುವುದಿಲ್ಲವೇ, ಹಾಗೆ. ಆ ಮನೆಯಲ್ಲಿ ಇರುವವರು ಬದಲಾಗುವಂತೆ ಈ ವಿಳಾಸವನ್ನು ಹೊಂದಿದ ಸಾಧನವೂ ಬದಲಾಗುತ್ತದೆ. ರೂಟರು ಇದನ್ನು ಇಂತಿಷ್ಟು ಕಾಲಕ್ಕೆಂದು ಗೇಣಿಗೆ ಕೊಟ್ಟಂತೆ ಕೊಡುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗಿ ಬರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಹಾಗೆ ರೂಟರು ಆರಿ ಹೊತ್ತಿದಾಗ ನಿನ್ನೆ ಕ್ಯಾಮೆರಾಕ್ಕೆ ಇದ್ದ ವಿಳಾಸ ಇಂದು ಟಿ.ವಿ.ಗೆ ಹೋಗಿರುವುದು ಸಾಧ್ಯ. ಆದ್ದರಿಂದ ಐ.ಪಿ. ವಿಳಾಸವನ್ನು ನಂಬಿ ಹೆಸರು ಬರೆದಿಡತಕ್ಕದ್ದಲ್ಲ.

ಎರಡನೆಯದು ಮ್ಯಾಕ್ ಸಂಖ್ಯೆ. ಇದರಲ್ಲಿ 12 ಅಂಕಿಗಳಿರುತ್ತವೆ. ಎರಡೆರಡಾಗಿ ಬಿಡಿಸಿ 50-02-91-17-36-84 ಎಂಬಂತೆ ಬರೆಯುವುದು ವಾಡಿಕೆ. ಇಂಗ್ಲಿಷಿನ ಎ ಯಿಂದ ಎಫ್ ವರೆಗಿನ ಆರು ಅಕ್ಷರಗಳೂ ಇಲ್ಲಿ ಅಂಕಿಗಳಾಗಿಯೇ ನಡೆಯುತ್ತವೆ. ಹೀಗೆ ಸುಮಾರು 281 ಲಕ್ಷ ಕೋಟಿ ಬೇರೆ ಬೇರೆ ಸಂಖ್ಯೆಗಳು ಸಾಧ್ಯ. ಮೊದಲ ಆರು ಅಂಕಿಗಳನ್ನು ಐ.ಇ.ಇ.ಇ. ಎಂಬ ಎಂಜಿನಿಯರುಗಳ ಸಂಸ್ಥೆ ತಯಾರಕರಿಗೆ ಹಂಚಿಕೊಡುತ್ತದೆ. ಉಳಿದ ಆರನ್ನು ತಯಾರಕರೇ ಒಂದೊಂದು ತುಣುಕಿಗೆ ಹಾಕುತ್ತಾರೆ.

ದನಗಳ ಕಿವಿಗೆ ಹಾಕುವ ಹಳದಿ ಬಿಲ್ಲೆಯಲ್ಲಿಯೂ 12 ಅಂಕಿಗಳೇ ಇರುವುದನ್ನು ಹೈನು ಇರುವ ಸದಸ್ಯರು ಬಲ್ಲರು. ವಿಮೆಗೆ ಆ ಸಂಖ್ಯೆ ಬೇಕು. ಆದರೆ ಕೊಟ್ಟಿಗೆಯಲ್ಲಿ ಕರೆಯಲು ಗೌರಿ ಎಂಬ ಹೆಸರೇ ಬೇಕು. ಸಂಖ್ಯೆಗೂ ಹೆಸರಿಗೂ ಗಂಟು ಹಾಕುವುದೇ ನಾವೀಗ ಮಾಡಬೇಕಾದ ಕೆಲಸ.

ಪಟ್ಟಿಯನ್ನು ತೆರೆಯುವುದು

ರೂಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡು ಇರುತ್ತವೆ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಮನೆಯ ವೈಫೈಗೆ ಸೇರಿದ ಫೋನಿನ ಇಲ್ಲವೆ ಕಂಪ್ಯೂಟರಿನ ಬ್ರೌಸರಿನಲ್ಲಿ ಇದನ್ನು ಬರೆದರೆ ರೂಟರಿನ ಪುಟ ತೆರೆಯುತ್ತದೆ. ಒಳಗೆ ಕನೆಕ್ಟೆಡ್ ಡಿವೈಸಸ್, ಅಟ್ಯಾಚ್ಡ್ ಡಿವೈಸಸ್ ಅಥವಾ ಡಿ.ಎಚ್.ಸಿ.ಪಿ. ಕ್ಲೈಂಟ್ ಲಿಸ್ಟ್ ಎಂಬ ಹೆಸರಿನಲ್ಲಿ ಪಟ್ಟಿ ಇರುತ್ತದೆ. ಚೀಟಿಯಲ್ಲಿನ ಪಾಸ್‌ವರ್ಡು ಇನ್ನೂ ಹಾಗೆಯೇ ಇದ್ದರೆ ಮುಂದಿನ ಕೆಲಸಕ್ಕೆ ಮೊದಲು ಅದನ್ನು ಬದಲಿಸಿರಿ.

ಇಲ್ಲೊಂದು ಎಚ್ಚರಿಕೆ. ಡಿ.ಎಚ್.ಸಿ.ಪಿ. ಪಟ್ಟಿ ಈ ಹೊತ್ತಿನ ಹಾಜರಿಯಲ್ಲ. ಗೇಣಿಯ ಅವಧಿ ಮುಗಿಯುವವರೆಗೆ, ಅನೇಕ ರೂಟರುಗಳಲ್ಲಿ ಒಂದು ದಿನದವರೆಗೆ, ಎದ್ದು ಹೋದವರ ಹೆಸರೂ ಅದರಲ್ಲಿ ಉಳಿದಿರುತ್ತದೆ. ಬೆಳಿಗ್ಗೆ ಹೊರಟ ನೆಂಟರ ಫೋನು ರಾತ್ರಿಯೂ ಕಾಣಿಸಿದರೆ ಗಾಬರಿಯಾಗಬೇಕಿಲ್ಲ. ಈಗ ಯಾವುದು ಸೇರಿದೆ ಎಂಬುದನ್ನು ವೈರ್‌ಲೆಸ್ ವಿಭಾಗದಲ್ಲಿರುವ ಪಟ್ಟಿ ಸರಿಯಾಗಿ ತಿಳಿಸುತ್ತದೆ.

ಒಂದೊಂದಾಗಿ ಆರಿಸಿ ನೋಡುವ ಕ್ರಮ

ಪಟ್ಟಿಯಲ್ಲಿ ಕೆಲವು ಸಾಧನಗಳು ತಮ್ಮ ಹೆಸರನ್ನು ತಾವೇ ಹೇಳಿಕೊಂಡಿರುತ್ತವೆ. ಆದರೆ ಮನೆಯಲ್ಲಿ ಒಂದೇ ಕಂಪನಿಯ ಮೂರು ಫೋನುಗಳಿದ್ದರೆ ಮೂರೂ ಒಂದೇ ತರಹ ಹೇಳಿಕೊಳ್ಳುತ್ತವೆ. ಕೆಲವು ಏನನ್ನೂ ಹೇಳುವುದಿಲ್ಲ. ಇನ್ನು ಕೆಲವೆಡೆ ರೂಟರೇ ಮೊದಲ ಆರು ಅಂಕಿಗಳನ್ನು ನೋಡಿ ತಯಾರಕರ ಹೆಸರು ಹಾಕುತ್ತದೆ. ಇದು ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರಾಗಿರದೆ ಒಳಗಿನ ವೈಫೈ ತುಣುಕನ್ನು ಮಾಡಿದವರ ಹೆಸರಾಗಿರುವುದು ಸಾಮಾನ್ಯ. ಎಸ್ಪ್ರೆಸಿಫ್ ಎಂಬ ಹೆಸರು ಕಂಡರೆ ಕಾಫಿಗೆ ಸಂಬಂಧಿಸಿದ್ದೆಂದು ಭಾವಿಸಬಾರದು! ಅದು ಶಾಂಘೈ ನಗರದ ಒಂದು ಕಂಪನಿ. ವೈಫೈ ಬಲ್ಬು, ಪ್ಲಗ್ಗು ಮುಂತಾದ ಅಗ್ಗದ ಸಾಧನಗಳಲ್ಲಿ ಅದರ ತುಣುಕುಗಳು ಹೇರಳವಾಗಿ ಬಳಕೆಯಾಗುತ್ತವೆ.

ಆದುದರಿಂದ ಹೆಸರನ್ನು ನೋಡಿ ಊಹಿಸುವುದಕ್ಕಿಂತ ಪರೀಕ್ಷಿಸಿ ತಿಳಿಯುವುದೇ ಮೇಲು. ಮನೆಯವರೆಲ್ಲರೂ ಇರುವ ಒಂದು ಸಂಜೆ ಪಟ್ಟಿಯನ್ನು ಹಾಗೆಯೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿರಿ. ಅನಂತರ ಒಂದು ಸಾಧನವನ್ನು ಆರಿಸಿ, ಎರಡು ಮೂರು ನಿಮಿಷ ಬಿಟ್ಟು ವೈರ್‌ಲೆಸ್ ಪಟ್ಟಿಯನ್ನು ಮತ್ತೆ ತೆರೆದು ನೋಡಿರಿ. ಯಾವ ಸಾಲು ಮಾಯವಾಯಿತೋ ಅದೇ ಆ ಸಾಧನ. ಅದರ ಮುಂದೆ ಹೆಸರು ಬರೆದು ಸಾಧನವನ್ನು ಮತ್ತೆ ಹೊತ್ತಿಸಿರಿ. ಒಟ್ಟಿಗೇ ಎರಡನ್ನು ಆರಿಸಬೇಡಿ, ಗೊಂದಲವಾಗುತ್ತದೆ. ಫೋನುಗಳಿಗೆ ಇಷ್ಟೂ ಬೇಡ; ಸೆಟ್ಟಿಂಗ್ಸ್‌ನಲ್ಲಿ ಮನೆಯ ವೈಫೈ ಹೆಸರನ್ನು ಒತ್ತಿ ವಿವರ ನೋಡಿದರೆ ಸಂಖ್ಯೆ ಸಿಗುತ್ತದೆ. ಕ್ಯಾಮೆರಾ, ಪ್ರಿಂಟರುಗಳ ಬೆನ್ನ ಮೇಲೋ ಅಡಿಯಲ್ಲೋ ಸಂಖ್ಯೆಯನ್ನು ಮುದ್ರಿಸಿರುವುದುಂಟು.

ಎಣಿಕೆ ತಾಳೆಯಾಗದಿದ್ದರೆ ಕೆಲವು ಸಂಗತಿಗಳನ್ನು ನೆನಪಿಟ್ಟುಕೊಳ್ಳಬೇಕು. ಲ್ಯಾಪ್‌ಟಾಪಿಗೆ ತಂತಿಯ ಜೋಡಣೆಗೆ ಒಂದು ಸಂಖ್ಯೆ, ವೈಫೈಗೆ ಇನ್ನೊಂದು ಸಂಖ್ಯೆ ಇರುವುದರಿಂದ ಒಂದೇ ಯಂತ್ರ ಎರಡು ಸಾಲಿನಲ್ಲಿ ಕಾಣಬಹುದು. ಡಿ.ವಿ.ಆರ್. ಪೆಟ್ಟಿಗೆಗೆ ತಂತಿಯಲ್ಲಿ ಜೋಡಿಸಿದ ಹಳೆಯ ತರಹದ ಕ್ಯಾಮೆರಾಗಳು ಎಂಟಿದ್ದರೂ ಪಟ್ಟಿಯಲ್ಲಿ ಬರುವುದು ಆ ಪೆಟ್ಟಿಗೆ ಒಂದೇ. ಸಿಮ್ ಕಾರ್ಡಿನ ಮೇಲೆ ನಡೆಯುವ ಪಂಪ್ ಸ್ಟಾರ್ಟರನ್ನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ, ಅದು ರೂಟರಿಗೆ ಸೇರಿದ್ದೇ ಅಲ್ಲ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಮಹಡಿಗೆಂದು ಎರಡನೆಯ ರೂಟರನ್ನು ಇಟ್ಟಿದ್ದರೆ, ಅದನ್ನು ಜೋಡಿಸಿದ ಕ್ರಮದ ಮೇಲೆ, ಅದರ ಹಿಂದಿರುವ ಎಲ್ಲ ಸಾಧನಗಳೂ ಸೇರಿ ಒಂದೇ ಸಾಲಾಗಿ ತೋರಬಹುದು. ಅಂಥಲ್ಲಿ ಆ ಎರಡನೆಯ ರೂಟರಿನ ಪಟ್ಟಿಯನ್ನೂ ಬೇರೆಯಾಗಿ ತೆರೆದು ನೋಡಬೇಕು.

ಸಂದೇಹಿಸುವ ಮೊದಲು

ಒಬ್ಬ ಬೆಳೆಗಾರರ ಮನೆಯಲ್ಲಿ ಕೊಯ್ಲಿನ ಸಮಯದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಉಪಯುಕ್ತ. ಅವರ ರೂಟರಿನ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಸಾಧನ ದಿನವೂ ಬೆಳಿಗ್ಗೆ ಏಳರ ಹೊತ್ತಿಗೆ ಬಂದು ಸೇರುತ್ತಿತ್ತು, ಸಂಜೆ ಹೊತ್ತು ಮುಳುಗುವಾಗ ಹೋಗುತ್ತಿತ್ತು. ಕೆಲಸದವರು ಬಂದು ಹೋಗುವ ಸಮಯವೂ ಅದೇ. ಕಣದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಯುವಕ ಪಾಸ್‌ವರ್ಡು ಕದ್ದಿದ್ದಾನೆಂದು ಮನೆಯವರು ತೀರ್ಮಾನಿಸಿದರು. ಮಾತಿನಲ್ಲಿ ಅದು ಹೊರಬಿದ್ದು, ಮನಸ್ಸಿಗೆ ನೋವಾಗಿ ಆತನೂ ಆತನ ಮನೆಯ ಇನ್ನಿಬ್ಬರೂ ಬರುವುದನ್ನು ನಿಲ್ಲಿಸಿದರು. ಆಳುಗಳು ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಮೂರು ಜನ ಹೋದರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಆತ ಬರುವುದನ್ನು ಬಿಟ್ಟ ಮೇಲೂ ಆ ಸಾಲು ಏಳಕ್ಕೆ ಸರಿಯಾಗಿ ಬರುತ್ತಲೇ ಇತ್ತು. ಯಾರೂ ಕೆಲಸಕ್ಕೆ ಬಾರದ ಸಂತೆಯ ದಿನವೂ ಬಂತು. ಆಗ ಹುಡುಕಿ ನೋಡಿದರೆ ಅದು ಮಾಡಿನ ಮೇಲಿನ ಸೌರ ಫಲಕದ ಇನ್ವರ್ಟರು! ಅದನ್ನು ಜೋಡಿಸಲು ಬಂದವರು ಮನೆಯ ಹುಡುಗನಿಂದ ಪಾಸ್‌ವರ್ಡು ಕೇಳಿ ಸೇರಿಸಿ ಹೋಗಿದ್ದರು. ಈ ತರಹದ ಅನೇಕ ಇನ್ವರ್ಟರುಗಳು ಫಲಕದ ವಿದ್ಯುತ್ತಿನಿಂದಲೇ ಎಚ್ಚರಗೊಳ್ಳುತ್ತವೆ. ಸೂರ್ಯ ಹುಟ್ಟಿದಾಗ ಜಾಲಕ್ಕೆ ಬರುತ್ತವೆ, ಮುಳುಗಿದಾಗ ಹೋಗುತ್ತವೆ.

ಸಾಧನವನ್ನು ಸೇರಿಸಿದ ದಿನವೇ ಒಂದು ಹೆಸರು ಕೊಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ. ಆ ಯುವಕನ ಮನೆಗೆ ಯಜಮಾನರೇ ಹೋಗಿ ಮಾತನಾಡಿಬಂದರೆಂದು ಕೇಳಿದ್ದೇನೆ. ಆ ವರ್ಷದ ಕೊಯ್ಲಿಗಂತೂ ಅವರು ಬರಲಿಲ್ಲ.

ಇಂತಹ ತಪ್ಪು ಸಂದೇಹಕ್ಕೆ ಇನ್ನೊಂದು ಕಾರಣವೂ ಇದೆ. ಈಗಿನ ಫೋನುಗಳು ತಮ್ಮ ನಿಜವಾದ ಮ್ಯಾಕ್ ಸಂಖ್ಯೆಯನ್ನು ತೋರಿಸದೆ ಒಂದೊಂದು ವೈಫೈಗೆ ಒಂದೊಂದು ವೇಷದ ಸಂಖ್ಯೆಯನ್ನು ತೋರಿಸುತ್ತವೆ. ಹೋದ ಹೋದಲ್ಲಿ ಒಂದೇ ಸಂಖ್ಯೆ ಕಾಣಿಸಿದರೆ ಫೋನಿನ ಒಡೆಯರು ಎಲ್ಲೆಲ್ಲಿ ತಿರುಗಾಡಿದರೆಂದು ಅನ್ಯರು ಪತ್ತೆಮಾಡಬಹುದೆಂಬ ಕಾರಣಕ್ಕೆ ಈ ವ್ಯವಸ್ಥೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐ.ಓ.ಎಸ್. 14ರಿಂದ ಇದು ಸಾಮಾನ್ಯವಾಗಿದೆ. ಒಂದು ಜಾಲದಲ್ಲಿ ಈ ವೇಷ ಹೆಚ್ಚಾಗಿ ಬದಲಾಗದೆ ಉಳಿಯುತ್ತದೆ. ಆದರೆ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಆರಂಭಿಸಿದರೆ, ಕೆಲವು ಫೋನುಗಳಲ್ಲಿ ಜಾಲವನ್ನು ಮರೆಸಿ ಬಹಳ ದಿನದ ಮೇಲೆ ಪುನಃ ಸೇರಿಸಿದರೂ, ಹೊಸ ವೇಷ ಬರಬಹುದು. ರೂಟರಿನ ಹೆಸರನ್ನೇ ಬದಲಿಸಿದರೆ ಫೋನಿಗೆ ಅದು ಬೇರೆ ಜಾಲವೇ ಆಗುವುದರಿಂದ ಬೇರೆ ವೇಷ. ದೀಪಾವಳಿಗೆ ಊರಿಗೆ ಬಂದ ಮಗಳ ಫೋನು ಯುಗಾದಿಗೆ ಬಂದಾಗ ಅಪರಿಚಿತವಾಗಿ ಕಂಡರೆ ಆಶ್ಚರ್ಯವಿಲ್ಲ.

ವೇಷವನ್ನು ಗುರುತಿಸಲು ಒಂದು ಸುಲಭ ಉಪಾಯವಿದೆ. ಮ್ಯಾಕ್ ಸಂಖ್ಯೆಯ ಎರಡನೆಯ ಅಂಕಿಯನ್ನು ನೋಡಿರಿ. ಅದು 2, 6, ಎ ಅಥವಾ ಇ ಆಗಿದ್ದರೆ ಆ ಸಂಖ್ಯೆ ಕಾರ್ಖಾನೆಯಲ್ಲಿ ಹಾಕಿದ್ದಲ್ಲ, ಸಾಧನವೇ ಕಟ್ಟಿಕೊಂಡದ್ದು. ಅಂಥ ಸಾಲು ಬಹುತೇಕ ಒಂದು ಫೋನು, ಟ್ಯಾಬ್ಲೆಟ್ಟು ಅಥವಾ ಲ್ಯಾಪ್‌ಟಾಪು ಆಗಿರುತ್ತದೆ. ಮನೆಯವರ ಫೋನುಗಳಲ್ಲಿ, ನಮ್ಮ ಮನೆಯ ಜಾಲವೊಂದಕ್ಕೆ ಮಾತ್ರ, ಫೋನಿನ ನಿಜವಾದ ಮ್ಯಾಕ್ ಸಂಖ್ಯೆಯನ್ನೇ ಬಳಸುವಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಪಟ್ಟಿ ಸ್ಥಿರವಾಗಿರಬೇಕೆಂಬವರಿಗೆ ಇದು ಅನುಕೂಲ. ಪೇಟೆಯ ಹೋಟೆಲು, ಬಸ್ ನಿಲ್ದಾಣಗಳ ವೈಫೈಗೆ ವೇಷ ಇರಲಿ.

ಹೆಸರಿಡುವ ರೀತಿ

ರೂಟರಿನ ಪುಟದಲ್ಲಿಯೇ ಪ್ರತಿ ಸಾಲಿಗೂ ನಾವು ಬೇಕಾದ ಹೆಸರನ್ನು ಕೊಡಲು ಅನೇಕ ರೂಟರುಗಳಲ್ಲಿ ಅವಕಾಶವಿರುತ್ತದೆ. ಕನ್ನಡ ಲಿಪಿಯನ್ನು ಇವು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಅಡ್ಡಗೆರೆ ಹಾಕಿ ಬರೆಯಬೇಕು.

ಹೆಸರು ಹೇಗಿರಬೇಕು? ಸಾಧನ ಇರುವ ಜಾಗ ಮೊದಲು, ಅದು ಏನೆಂಬುದು ಅನಂತರ, ಒಂದಕ್ಕಿಂತ ಹೆಚ್ಚಿದ್ದರೆ ಸಂಖ್ಯೆ ಕೊನೆಗೆ ಎಂಬುದು ನನ್ನ ಅಭಿಪ್ರಾಯ. ಕಣ-ಕ್ಯಾಮೆರಾ-1, ಕಣ-ಕ್ಯಾಮೆರಾ-2, ಗೇಟು-ಕ್ಯಾಮೆರಾ, ಜಗಲಿ-ಟಿವಿ, ಮಾಡು-ಇನ್ವರ್ಟರು ಹೀಗೆ. ಕಂಪನಿಯ ಹೆಸರನ್ನು ಇಡುವುದರಿಂದ ಪ್ರಯೋಜನ ಕಡಿಮೆ. ಕ್ಯಾಮೆರಾ ಹಾಳಾಗಿ ಬೇರೆ ಕಂಪನಿಯದು ಬಂದರೂ ಕಣ ಅಲ್ಲಿಯೇ ಇರುತ್ತದೆ. ತೋಟದ ತುಂಡುಗಳಿಗೆ ಕೆರೆ ಬದಿ, ಮೇಲಿನ ತಟ್ಟು ಎಂದು ಹಿರಿಯರು ಹೆಸರಿಟ್ಟದ್ದು ಇದೇ ಲೆಕ್ಕದಲ್ಲಿ. ಫೋನುಗಳಿಗೆ ಮಾತ್ರ ಜಾಗದ ಬದಲು ಬಳಸುವವರ ಗುರುತು ಹಾಕಬೇಕಾಗುತ್ತದೆ: ಅಮ್ಮ-ಫೋನು, ಅಪ್ಪಯ್ಯ-ಫೋನು. ಇದನ್ನು ರೂಟರಿನಲ್ಲಿ ಬರೆದರೆ ಸಾಕು. ಫೋನಿನ ಒಳಗೇ ಹೆಸರು ಬದಲಿಸುವವರು ತಮ್ಮ ಪೂರ್ಣ ಹೆಸರನ್ನೂ ಊರನ್ನೂ ಅಲ್ಲಿ ಹಾಕುವುದು ಒಳ್ಳೆಯದಲ್ಲ; ಅನೇಕ ಫೋನುಗಳು ಸೇರಿದಲ್ಲೆಲ್ಲ ಆ ಹೆಸರನ್ನು ಹೇಳಿಕೊಂಡು ಹೋಗುತ್ತವೆ.

ಕ್ಯಾಮೆರಾ, ಡಿ.ವಿ.ಆರ್., ಪ್ರಿಂಟರುಗಳಂತಹ ಜಾಗ ಬಿಟ್ಟು ಕದಲದ ಸಾಧನಗಳಿಗೆ ಅಡ್ರೆಸ್ ರಿಸರ್ವೇಶನ್ ಎಂಬ ಸೌಲಭ್ಯದಿಂದ ಐ.ಪಿ. ವಿಳಾಸವನ್ನೂ ಕಾಯಂ ಮಾಡಬಹುದು. ಕಣ-ಕ್ಯಾಮೆರಾ-1ಕ್ಕೆ 192.168.1.21, ಎರಡಕ್ಕೆ 22 ಎಂದು ಕಾದಿರಿಸಿದರೆ ಕರೆಂಟು ಎಷ್ಟು ಸಲ ಹೋಗಿ ಬಂದರೂ ಅವು ಅಲ್ಲಿಯೇ ಸಿಗುತ್ತವೆ.

ಕ್ಯಾಮೆರಾಗಳ ವಿಷಯ

ಚಾಲಿ ಅಡಿಕೆ ಅಂಗಳದಲ್ಲಿ ನಲವತ್ತು ದಿನ ಬಿಸಿಲು ಕಾಯುತ್ತದೆ. ಅದನ್ನು ಕಾಯಲು ನಾವು ಕ್ಯಾಮೆರಾ ಹಾಕುತ್ತೇವೆ. ಆದರೆ ಕ್ಯಾಮೆರಾವನ್ನು ಕಾಯುವವರು ಯಾರು?

2016ರಲ್ಲಿ ಮಿರಾಯ್ ಎಂಬ ಒಂದು ದುಷ್ಟ ತಂತ್ರಾಂಶ ಹೊರಬಂತು. ಅದು ಅಂತರ್ಜಾಲದಲ್ಲಿ ಹೊರಗಿನಿಂದ ನೇರವಾಗಿ ತಲುಪುವಂತೆ ತೆರೆದಿದ್ದ ಕ್ಯಾಮೆರಾ, ಡಿ.ವಿ.ಆರ್., ರೂಟರುಗಳನ್ನು ಹುಡುಕಿ, ಕಾರ್ಖಾನೆಯವರು ಇಟ್ಟ ಸುಮಾರು 60 ಬಗೆಯ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತಿತ್ತು. ಅಷ್ಟರಿಂದಲೇ ಲಕ್ಷಗಟ್ಟಲೆ ಸಾಧನಗಳು ಅದರ ವಶವಾದವು. ಆ ವರ್ಷದ ಅಕ್ಟೋಬರ್ 21ರಂದು ಇಂತಹ ಸಾಧನಗಳೆಲ್ಲ ಒಟ್ಟಾಗಿ ಡಿನ್ ಎಂಬ ಅಮೆರಿಕದ ಕಂಪನಿಯ ಮೇಲೆ ಮುಗಿಬಿದ್ದುದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ಅಲ್ಲಿಯ ಅಸಂಖ್ಯಾತ ಜನರಿಗೆ ಹಲವು ಗಂಟೆಗಳ ಕಾಲ ಸಿಗದೆ ಹೋದವು. ಹೀಗೆ ವಶವಾದ ಕ್ಯಾಮೆರಾಗಳ ಒಡೆಯರಲ್ಲಿ ಹೆಚ್ಚಿನವರಿಗೆ ಏನೂ ತಿಳಿಯಲಿಲ್ಲ, ಏಕೆಂದರೆ ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು. ಆರಿಸಿ ಹೊತ್ತಿಸಿದರೆ ಮಿರಾಯ್ ಅಳಿಯುತ್ತಿತ್ತು. ಪಾಸ್‌ವರ್ಡು ಹಳೆಯದೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಮರಳಿ ಹಿಡಿಯುತ್ತಿತ್ತು.

ಆದ್ದರಿಂದ ನಿಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ಕ್ಯಾಮೆರಾ ಮತ್ತು ಡಿ.ವಿ.ಆರ್. ಮುಂದೆ ಇನ್ನೊಂದು ಅಂಕಣ ಹಾಕಿ, ಕಾರ್ಖಾನೆಯ ಪಾಸ್‌ವರ್ಡು ಬದಲಿಸಿದ ತಾರೀಖನ್ನು ಬರೆಯಿರಿ. ತಾರೀಖು ಇಲ್ಲದ ಸಾಲು ಮೊದಲು ನೋಡಬೇಕಾದ ಸಾಲು. ಹೆಸರೇ ಇಲ್ಲದ ಸಾಧನದ ಪಾಸ್‌ವರ್ಡನ್ನು ಯಾರೂ ಬದಲಿಸಿರುವುದಿಲ್ಲ ಎಂಬುದನ್ನು ಗಮನಿಸಬೇಕು.

ಉಳಿದ ಅಪರಿಚಿತರು

ಇಷ್ಟೆಲ್ಲ ಮಾಡಿದ ಮೇಲೂ ಒಂದೆರಡು ಸಾಲುಗಳು ಬಿಡಿಸಲಾಗದೆ ಉಳಿಯಬಹುದು. ಮ್ಯಾಕ್ ಸಂಖ್ಯೆಯ ಮೇಲೆ ತಡೆ ಹಾಕುವ ಸೌಲಭ್ಯ ರೂಟರಿನಲ್ಲಿದೆ. ಆದರೆ ಸಂಖ್ಯೆಗೆ ವೇಷ ಹಾಕುವುದು ಇಷ್ಟು ಸುಲಭವಾಗಿರುವಾಗ ಅದನ್ನು ಬಲವಾದ ಬೇಲಿ ಎಂದು ನಂಬಲಾಗದು. ನಿಶ್ಚಿತವಾದ ದಾರಿ ಎಂದರೆ ವೈಫೈ ಪಾಸ್‌ವರ್ಡನ್ನೇ ಬದಲಿಸಿ, ನಮ್ಮ ಸಾಧನಗಳನ್ನು ಒಂದೊಂದಾಗಿ, ಹೆಸರು ಬರೆಯುತ್ತ, ಪುನಃ ಸೇರಿಸಿಕೊಳ್ಳುವುದು. ಕೆಲಸ ಹೆಚ್ಚು, ಅರ್ಧ ದಿನ ಹಿಡಿಯಬಹುದು. ಕೊಯ್ಲು ಮುಗಿದ ಬಿಡುವಿನಲ್ಲಿ ಮಾಡಿಕೊಳ್ಳಿರಿ. ಒಣಗಲು ಹಾಕಿದ ಬೆಳೆ ಹೊರಗಿರುವ ದಿನಗಳಲ್ಲಿ ಮಾಡಿದರೆ ಕ್ಯಾಮೆರಾ ಸೇರದೆ ತೊಂದರೆಯಾದೀತು.

ಪಾಸ್‌ವರ್ಡು ಕನಿಷ್ಠ ಎಂಟು ಅಕ್ಷರಗಳಿರಲೇಬೇಕು. ಹನ್ನೆರಡಕ್ಕೆ ಕಡಿಮೆಯಾಗದಿದ್ದರೆ ಉತ್ತಮ. ಮೊಬೈಲ್ ನಂಬರನ್ನೇ ಪಾಸ್‌ವರ್ಡಾಗಿ ಇಡುವ ರೂಢಿ ನಮ್ಮಲ್ಲಿ ಬಹಳ; ಅದನ್ನು ಬಿಡಬೇಕು. ಕೇಳಿದವರಿಗೆ ಇಲ್ಲವೆನ್ನಲು ನಮ್ಮ ಕಡೆಯವರಿಗೆ ಸಂಕೋಚ. ಅದಕ್ಕೆ ಗೆಸ್ಟ್ ನೆಟ್‌ವರ್ಕ್ ಎಂಬ ಸೌಲಭ್ಯವನ್ನು ಉಪಯೋಗಿಸಿಕೊಳ್ಳಬಹುದು. ಅತಿಥಿಗಳಿಗೂ ಕೆಲಸದವರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ಜಾಲ. ಹೋಂಸ್ಟೇ ನಡೆಸುವವರಿಗೆ ಇದು ಅತ್ಯವಶ್ಯ. ಆ ಜಾಲದ ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸಿದರೂ ಮನೆಯ ಕ್ಯಾಮೆರಾಗಳಿಗೆ ಏನೂ ಆಗುವುದಿಲ್ಲ.

ನೋಟ್‌ಬುಕ್ಕು ಏಕೆ?

ರೂಟರಿನಲ್ಲಿಯೇ ಹೆಸರು ಬರೆದ ಮೇಲೆ ಪುಸ್ತಕ ಏಕೆಂದು ಕೇಳಬಹುದು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ಮಳೆಗೆ ಪ್ರತಿ ವರ್ಷ ಎಷ್ಟು ರೂಟರುಗಳು ಬಲಿಯಾಗುತ್ತವೆಂದು ಎಲ್ಲರಿಗೂ ಗೊತ್ತು. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ ನಿಜ. ಆದರೆ ಅಡಾಪ್ಟರಿನ ತಂತಿ, ಕ್ಯಾಮೆರಾದಿಂದ ಬಂದ ತಾಮ್ರದ ತಂತಿ ಒಯ್ಯುತ್ತವೆ. ರೂಟರು ಸುಟ್ಟರೆ, ಇಲ್ಲವೆ ಲೈನಿನವರು ಬಂದು ರೀಸೆಟ್ ಮಾಡಿದರೆ, ಅದರಲ್ಲಿ ಬರೆದ ಹೆಸರುಗಳೂ ಕಾದಿರಿಸಿದ ವಿಳಾಸಗಳೂ ಹೋಗುತ್ತವೆ. ಪುಸ್ತಕವಿದ್ದರೆ ಒಂದು ಗಂಟೆಯಲ್ಲಿ ಎಲ್ಲವನ್ನೂ ಮತ್ತೆ ತುಂಬಿಸಬಹುದು.

ಹೊಸ ರೂಟರು ಬಂದಾಗ ಹಳೆಯ ವೈಫೈ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಒಂದಕ್ಷರ ತಪ್ಪದಂತೆ, ದೊಡ್ಡಕ್ಷರ ಸಣ್ಣಕ್ಷರ ಸಹಿತ, ಅದಕ್ಕೆ ಕೊಡಿಸಿರಿ. ಆಗ ಕಣದ ಕ್ಯಾಮೆರಾಗಳು ಸಾಮಾನ್ಯವಾಗಿ ತಾವಾಗಿಯೇ ಬಂದು ಸೇರುತ್ತವೆ. ಮಳೆಯಲ್ಲಿ ಏಣಿ ಹಾಕಿ ಹತ್ತುವ ಕೆಲಸ ಉಳಿಯುತ್ತದೆ. ಹೊಸ ರೂಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ವೈಫೈ ಇದ್ದರೆ ಹಳೆಯ ಹೆಸರು 2.4ಕ್ಕೆ ಇರಲೇಬೇಕು; ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವು ಅದೊಂದನ್ನೇ ಬಲ್ಲವು.